ಗಾಳಿಗೆ ಹಾಕಿದ ಕಾಜಾ

ದರ್ಜಿಗಳ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಾಜಕ್ಕ ಅಂತ. ಅಂಗಿಯಲ್ಲಿ ಗುಂಡಿ ತೂರಿಸುವ ಕಂಡಿ ಇರುತ್ತದಲ್ಲ, ಅದರ ಅಂಚು ಬಿಚ್ಚಿಹೋಗದ ಹಾಗೆ ಸುತ್ತಲೂ ಕೈಹೊಲಿಗೆ ಹಾಕುವುದು ಅವಳ ಕಸುಬು. ಒಂದು ಅಂಗಿಗೆ ಏಳು ಕಾಜಾ. ಒಂದು ಕಾಜಾಕ್ಕೆ ಇಪ್ಪತ್ತನಾಲ್ಕು ಹೊಲಿಗೆ, ಕೊನೆಗೊಂದು ಗಂಟು. ಮೂವತ್ತೊಂದು ವರ್ಷ ಕತ್ತು ಬಗ್ಗಿಸಿಕೊಂಡು ಅದನ್ನೇ ಮಾಡಿದಳು. ಎಷ್ಟು ಗಂಡಸರ ಎದೆ ಮುಚ್ಚಿದ್ದಾಳೋ ಆ ದೇವರಿಗೇ ಗೊತ್ತು, ಅವರಲ್ಲಿ ಒಬ್ಬನಾದರೂ ತನ್ನ ಅಂಗಿಯ ಕಂಡಿಯನ್ನು ಬಗ್ಗಿ ನೋಡಿದವನಲ್ಲ. ನೋಡುವಂಥದ್ದೇನಿದೆ ಹೇಳಿ. ಒಳ್ಳೆಯ ಕಾಜಾ ಕಣ್ಣಿಗೆ ಬೀಳಬಾರದು, ಗುಂಡಿ ಬೀಳಬೇಕು.

ಆ ಮನೆಯಲ್ಲಿ ಕಣ್ಣಿಗೆ ಬೀಳುತ್ತಿದ್ದವಳು ಅವಳ ಅಕ್ಕ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವಳು. ತಂಗಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು ಅವಳೇ, ಅದು ಸುಳ್ಳಲ್ಲ. ಆದರೆ ಸಾಕಿದ ಮಾತನ್ನು ದಿನಕ್ಕೆ ಮೂರು ಹೊತ್ತೂ ಬಡಿಸಿದರೆ ಯಾವ ಅನ್ನ ತಾನೆ ಗಂಟಲಲ್ಲಿ ಇಳಿಯುತ್ತದೆ? ಅಕ್ಕ ಮದುವೆಯಾಗಲಿಲ್ಲ. ತಂಗಿಗೆ ಆಗಲು ಬಿಡಲಿಲ್ಲ.

ಬಿಡಲಿಲ್ಲ ಅಂದರೆ, ಒಂದೇ ಒಂದು ಸಲ ಸಂಬಂಧ ಬಂದಿತ್ತು. ಅದೇ ಬೀದಿಯ ದರ್ಜಿ. ತಾನೇ ಹೊಲಿದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಅಕ್ಕನ ಮುಂದೆ ಬಂದು ನಿಂತ. ಅಕ್ಕ ಕೂತ್ಕೋ ಎನ್ನಲಿಲ್ಲ. "ಎಷ್ಟನೇ ಕ್ಲಾಸಿನವರೆಗೆ ಓದಿದೀಯಪ್ಪ?" ಅಂದಳು. ಅವನು ನಾಲ್ಕು ಅಂದ. ಅಕ್ಕ ಮುಂದೆ ಏನೂ ಕೇಳಲಿಲ್ಲ, ಸುಮ್ಮನೆ ನೋಡುತ್ತ ಕೂತಳು. ಅವನು ಚಪ್ಪಲಿ ಹಾಕಿಕೊಂಡು ಹೋದ. ಆಮೇಲೆ ಹತ್ತೊಂಬತ್ತು ವರ್ಷ ಅವನ ಅಂಗಡಿಯ ಅಂಗಿಗಳಿಗೆ ಕಾಜಾ ಹಾಕಿದ್ದು ಇವಳೇ. ಇಬ್ಬರೂ ಅಂಗಿಗಳ ಎಣಿಕೆ ಬಿಟ್ಟು ಬೇರೆ ಮಾತಾಡಲಿಲ್ಲ.

ಐವತ್ತು ತುಂಬುವ ಹೊತ್ತಿಗೆ ಕತ್ತು ಮಾತು ಕೇಳದಾಯಿತು. ಎಡಕ್ಕೆ ತಿರುಗಬೇಕಾದರೆ ಇಡೀ ಮೈ ತಿರುಗಬೇಕು. ಬೆರಳುಗಳಲ್ಲಿ ಇರುವೆ ಹರಿದ ಹಾಗೆ ಜುಮುಜುಮು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕತ್ತಿನ ಮೂಳೆ ಸವೆದಿದೆ, ಒಳಗೆ ನರ ಸಿಕ್ಕಿಕೊಂಡಿದೆ ಅಂದರು. "ಯೋಗ ಮಾಡಿ, ಧ್ಯಾನ ಮಾಡಿ. ಭಾರ ಎತ್ತಬೇಡಿ. ಮನಸ್ಸು ನೆಮ್ಮದಿಯಾಗಿಟ್ಕೊಳ್ಳಿ" ಅಂತ ಚೀಟಿಯಲ್ಲಿ ಬರೆದೂ ಕೊಟ್ಟರು. ನೆಮ್ಮದಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಬರೆಯಲಿಲ್ಲ.

ಔಷಧಿ ಅಂಗಡಿಯ ಮಹಡಿಯ ಮೇಲೆ ಯೋಗದ ಕ್ಲಾಸಿತ್ತು. ಹೋದಳು ಪಾಪ. ಮೂರು ಗೋಡೆಗೂ ಕನ್ನಡಿ. ಟೀಚರಮ್ಮ ಬಳ್ಳಿಯ ಹಾಗಿದ್ದಳು, ಕೆನ್ನೆಗೆ ಮೈಕು ಅಂಟಿಸಿಕೊಂಡಿದ್ದಳು. ಒಂಟಿಕಾಲಲ್ಲಿ ನಿಲ್ಲಿ ಅಂದಾಗ ಕಾಜಕ್ಕ ಪಕ್ಕದವಳ ಮೇಲೆ ಬಿದ್ದಳು. ಒಂದು ಹೊಳ್ಳೆ ಮುಚ್ಚಿ ಉಸಿರೆಳೆಯಿರಿ ಅಂದಾಗ, ಮೂಗು ಹಿಡಿದರೆ ಬಾಯಿ ತಾನೇ ತೆರೆಯಿತು. ಕಣ್ಣು ಮುಚ್ಚಿ ಸಮುದ್ರ ನೆನೆಸಿಕೊಳ್ಳಿ ಅಂದರು. ಸಮುದ್ರವನ್ನು ಅವಳು ಕಂಡಿದ್ದರೆ ತಾನೆ? ಕಂಡದ್ದು ಕಾಜಾ ಹಾಕದ ಅಂಗಿಗಳ ರಾಶಿ. ನಾಲ್ಕನೇ ದಿನ ಟೀಚರಮ್ಮ ಹತ್ತಿರ ಬಂದು, ಮೈಕು ಆರಿಸುವುದನ್ನು ಮರೆತು, "ನಿಮಗಿದು ಸರಿಹೋಗಲ್ಲ ಅನ್ಸುತ್ತೆ ಅಮ್ಮ, ಮನೇಲೇ ಓಡಾಡ್ಕೊಂಡಿರಿ" ಅಂದಳು. ಇಡೀ ಹಾಲಿಗೆ ಕೇಳಿಸಿತು.

ಮನೆಯಲ್ಲೇ ಓಡಾಡಿಕೊಂಡಿರುವಾಗ ಒಂದು ಬೆಳಿಗ್ಗೆ ನೂಲು ಮುಗಿದಿತ್ತು, ಅಂಗಡಿ ತೆರೆದಿರಲಿಲ್ಲ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಕೈ ಸುಮ್ಮನಿರಬೇಕಲ್ಲ, ಮೂವತ್ತು ವರ್ಷದ ಚಟ. ಸೂಜಿಯಿಲ್ಲ, ಬಟ್ಟೆಯಿಲ್ಲ, ಬೆರಳುಗಳು ತಾವಾಗಿ ಎದೆಮಟ್ಟದ ಗಾಳಿಯಲ್ಲಿ ಕಾಜಾ ಹಾಕತೊಡಗಿದವು. ಸೂಜಿ ಒಳಗೆ ಹೋಗುವಾಗ ಉಸಿರು ಒಳಗೆ. ನೂಲು ಎಳೆಯುವಾಗ ಉಸಿರು ಹೊರಗೆ. ಇಪ್ಪತ್ತನಾಲ್ಕಾದ ಮೇಲೆ ಗಂಟು, ಗಂಟು ಹಾಕುವಾಗ ಉಸಿರು ಒಂದು ಗಳಿಗೆ ನಿಂತುಬಿಡುತ್ತಿತ್ತು. ನೋಡಲು ಬಟ್ಟೆಯೇ ಇಲ್ಲದ ಮೇಲೆ ಕತ್ತು ಯಾಕೆ ಬಗ್ಗಬೇಕು? ನೆಟ್ಟಗೆ ನಿಂತಿತ್ತು. ಕಣ್ಣು ಯಾವಾಗ ಮುಚ್ಚಿಕೊಂಡಿತೋ ತಿಳಿಯಲಿಲ್ಲ. ಏಳು ಕಾಜಾ, ಒಂದು ಅಂಗಿ. ಎದ್ದು ನೋಡಿದರೆ ಅರ್ಧ ಗಂಟೆ ಆಗಿತ್ತು, ಕತ್ತು ಎಡಕ್ಕೆ ತಿರುಗುತ್ತಿತ್ತು.

ಅವತ್ತಿನಿಂದ ದಿನಾ ಬೆಳಿಗ್ಗೆ ಆರೂವರೆಗೆ ಗಾಳಿಯಲ್ಲಿ ಒಂದು ಅಂಗಿ. ಮೂರು ತಿಂಗಳಲ್ಲಿ ಬೆರಳಿನ ಜುಮುಜುಮು ಹೋಯಿತು. ನಿದ್ದೆ ಬಂತು. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು, ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹುಟ್ಟಿದಾಗಿನಿಂದ ಅವಳದು ಅಂತ ಒಂದು ವಸ್ತುವಿರಲಿಲ್ಲ. ಮನೆ ಅಕ್ಕನದು, ಅಂಗಿ ಗಿರಾಕಿಯದು, ಹೆಸರು ಕೂಡ ಬೀದಿಯವರು ಇಟ್ಟದ್ದು. ಆ ಅರ್ಧ ಗಂಟೆ ಮಾತ್ರ ಅವಳದಾಗಿತ್ತು. ಅದೊಂದಿದ್ದರೆ ಉಳಿದ ಇಪ್ಪತ್ಮೂರೂವರೆ ಗಂಟೆ ಯಾರದ್ದಾದರೂ ಆಗಲಿ ಅನ್ನಿಸುತ್ತಿತ್ತು.

ಅಕ್ಕ ಬಾಗಿಲಲ್ಲಿ ನಿಂತು ನೋಡಿ ನಗುತ್ತಿದ್ದಳು. "ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ್ರು ಅಂತಾರೆ, ನೀನು ಗಾಳಿಗೇ ಕಾಜಾ ಹಾಕ್ತಿದೀಯಲ್ಲೇ. ಗುಂಡಿ ಯಾರು ತರ್ತಾರೆ?"

ನಗುತ್ತಿದ್ದವಳು ಒಂದು ದಿನ ಬಚ್ಚಲಲ್ಲಿ ಬಿದ್ದಳು. ಲಕ್ವ. ಬಲಗೈ, ಬಲಗಾಲು ಎರಡೂ ಸತ್ತವು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಹಾಗೆ ಆಸ್ಪತ್ರೆಯ ಮಂಚದ ಮೇಲೆ ಸೊಟ್ಟ ಬಾಯಲ್ಲೇ ನರ್ಸಿಗೆ ನೆಟ್ಟಗೆ ನಿಲ್ಲುವುದನ್ನು ಕಲಿಸಿದಳು. ಮನೆಗೆ ಕರೆತಂದು ನಡುಮನೆಯ ಮಂಚದಲ್ಲಿ ಮಲಗಿಸಿದ ದಿನವೇ, ನಿವೃತ್ತಿಯಾದಾಗ ಶಾಲೆಯವರು ಕೊಟ್ಟಿದ್ದ ಹಿತ್ತಾಳೆಯ ಕೈಗಂಟೆಯನ್ನು ಕಪಾಟಿನಿಂದ ತೆಗೆಸಿ ಎಡಗೈಯ ಹತ್ತಿರ ಇರಿಸಿಕೊಂಡಳು. "ಒಂದು ಸಲ ಹೊಡೆದ್ರೆ ನೀರು. ಎರಡು ಸಲ ಹೊಡೆದ್ರೆ ಉಚ್ಚೆಗೆ ಇಡೋ ಪ್ಯಾನು. ಮೂರು ಸಲ ಹೊಡೆದ್ರೆ ಸುಮ್ನೆ ಬಾ. ತಿಳೀತಾ?" ತಂಗಿ ತಲೆಯಾಡಿಸಿದಳು.

ಭಾರ ಎತ್ತಬೇಡಿ ಅಂದಿದ್ದರು ಡಾಕ್ಟರು. ಅಕ್ಕನ ತೂಕ ಎಪ್ಪತ್ತೆಂಟು ಕಿಲೋ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ದಿನಕ್ಕೆ ಆರು ಸಲ. ಇಷ್ಟಾದರೂ ಕಾಜಕ್ಕನ ಕತ್ತು ತಡೆದುಕೊಂಡಿತು ಅಂದರೆ ಆ ಬೆಳಗಿನ ಅಂಗಿಯ ಪುಣ್ಯ. ಆದರೆ ಅದಕ್ಕೂ ಕಲ್ಲು ಬಿತ್ತು. ಸರಿಯಾಗಿ ಆರೂವರೆಗೆ, ಅವಳು ಕಣ್ಣು ಮುಚ್ಚಿ ಮೂರನೇ ಹೊಲಿಗೆಗೆ ಬರುವ ಹೊತ್ತಿಗೆ, ಒಳಗೆ ಗಂಟೆ ಹೊಡೆಯುತ್ತಿತ್ತು. ನೀರು. ಕೊಟ್ಟು ಬಂದು ಕೂತರೆ ಮೂರು ಸಲ. ಹೋದರೆ, "ಏನಿಲ್ಲ, ಇದೀಯಾ ಅಂತ ನೋಡ್ದೆ" ಅನ್ನುತ್ತಿದ್ದಳು ಅಕ್ಕ.

ಒಂದು ದಿನ ಎರಡು ಸಲ ಹೊಡೆಯಿತು. ಕಾಜಕ್ಕ ಏಳಲಿಲ್ಲ. ಯಾಕೆ ಅಂದರೆ ಅವಳಿಗೂ ಗೊತ್ತಿಲ್ಲ. ಇದೂ ಸುಳ್ಳು ಗಂಟೆಯೇ ಇರಬೇಕು ಅಂದುಕೊಂಡಳೋ, ರೋಸಿಹೋಗಿತ್ತೋ. ಏಳು ಕಾಜಾ ಪೂರ್ತಿ ಹಾಕಿ, ಏಳನೇ ಗಂಟನ್ನೂ ಹಾಕಿ ಎದ್ದಳು. ಒಳಗೆ ಹಾಸಿಗೆ ಒದ್ದೆಯಾಗಿತ್ತು. ಅಕ್ಕ ಗೋಡೆ ನೋಡುತ್ತ ಮಲಗಿದ್ದಳು.

"ಕೇಳಿಸ್ಲಿಲ್ವಾ?"

"ಕೇಳಿಸ್ತು ಅಕ್ಕ. ಅದು... ಕೂತಾಗ ಶಬ್ದ ಬಂದ್ರೆ ಬರ್ಲಿ, ಹೋದ್ರೆ ಹೋಗ್ಲಿ ಅಂತ ಬಿಟ್ಬಿಡ್ಬೇಕು. ಇಲ್ದಿದ್ರೆ ಮನಸ್ಸು ನಿಲ್ಲಲ್ಲ." ಹೇಳುತ್ತ ಹೇಳುತ್ತಲೇ ಅವಳಿಗೆ ಅಳು ಬಂತು. ಕಾಲು ಹಿಡಿದು ತಪ್ಪಾಯ್ತು ಅಂದಳು, ಬಿಸಿನೀರಲ್ಲಿ ಮೈ ಒರೆಸಿದಳು, ಹಾಸಿಗೆ ಬದಲಿಸಿದಳು. ಮತ್ತೆಂದೂ ಹಾಗೆ ಮಾಡಲಿಲ್ಲ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಕಾಜಕ್ಕ ಒಂದು ಉಪಾಯ ಹೂಡಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಕ್ಕನಿಗೂ ಇದನ್ನೇ ಕಲಿಸಿಬಿಟ್ಟರೆ ಆ ಅರ್ಧ ಗಂಟೆ ಅವಳ ಕೈಗೂ ಕೆಲಸ, ಗಂಟೆಗೂ ವಿಶ್ರಾಂತಿ. ಮಂಚದ ಪಕ್ಕ ಕೂತು, ಅಕ್ಕನ ಸತ್ತ ಬಲಗೈಯನ್ನು ತನ್ನ ಕೈಯೊಳಗಿಟ್ಟುಕೊಂಡು, ಒಂದೊಂದೇ ಬೆರಳನ್ನು ಮಡಿಸಿ, ಇಲ್ಲದ ಸೂಜಿ ಹಿಡಿಸಿ ಗಾಳಿಗೆ ಕಾಜಾ ಹಾಕಿಸಿದಳು. "ಒಳಗೆ ತಗೋ ಅಕ್ಕ. ಈಗ ಬಿಡು." ಇಪ್ಪತ್ಮೂರನೇ ದಿನ ಹೆಬ್ಬೆರಳು ಅಲುಗಿತು. ಮನೆಯಲ್ಲಿ ಕುಣಿದಾಡಿದ್ದು ತಂಗಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ ಅಂತ ಅವಳಿಗೆ ಯಾರಾದರೂ ಆವಾಗಲೇ ಹೇಳಬೇಕಿತ್ತು.

ಹತ್ತು ತಿಂಗಳಿಗೆ ಅಕ್ಕ ಕೋಲು ಹಿಡಿದು ನಡೆದಳು, ವರ್ಷಕ್ಕೆ ಕೋಲು ಬಿಟ್ಟಳು. ಡಾಕ್ಟರು ಅವಳ ಕೈ ಹಿಡಿದು, ಬೆರಳು ಬಿಡಿಸಿ ನೋಡಿ ಬೆರಗಾದರು. "ಇದನ್ನ ಯಾರು ಹೇಳ್ಕೊಟ್ರು ಮೇಡಂ?"

"ನಾನೇ ಕಂಡ್ಕೊಂಡಿದ್ದು" ಅಂದಳು ಅಕ್ಕ.

ಅಕ್ಕನ ಚೀಲ ಹಿಡಿದು ಬಾಗಿಲ ಪಕ್ಕ ನಿಂತಿದ್ದ ಕಾಜಕ್ಕ ನೆಲ ನೋಡಿದಳು. ದಾರಿಯಲ್ಲಿ ಅಕ್ಕನೇ ಮಾತೆತ್ತಿದಳು. "ಮುಖ ಯಾಕೆ ಊದಿಸ್ಕೊಂಡಿದೀಯ? ನೀನು ಮಾಡ್ತಿದ್ದಿದ್ದು ಹೊಲಿಗೆ. ಅದನ್ನ ಸಾಧನೆ ಮಾಡಿದ್ದು ನಾನು." ಕಾಜಕ್ಕ ಇರಬಹುದೇನೋ ಅಂದುಕೊಂಡಳು. ಅದೇ ಅವಳ ರೋಗ, ಕತ್ತಿನದಲ್ಲ.

ಡಾಕ್ಟರು ನಾಲ್ಕು ಜನಕ್ಕೆ ಹೇಳಿದರು, ನಾಲ್ವರು ಹನ್ನೊಂದಾದರು. ಬೆಳಿಗ್ಗೆ ಆರೂವರೆಗೆ ಮುಂದಿನ ಕೋಣೆಯಲ್ಲಿ, ಅದೇ ಕಿಟಕಿಯ ಹತ್ತಿರ, ಅದೇ ಗೋಡೆಗೆ ಬೆನ್ನು ಕೊಟ್ಟು ಅಕ್ಕ ಕೂತಳು. ಹಾಜರಿ ಪುಸ್ತಕ ಬಂತು. ಎಣಿಕೆ ಅಕ್ಕನ ದನಿಯಲ್ಲಿ, ಗಟ್ಟಿಯಾಗಿ. ದರ್ಜಿಯೂ ಸೇರಿದ, ಅವನಿಗೆ ಬೆನ್ನುನೋವು. ಈಗ ಅಕ್ಕ ಅವನನ್ನು "ಬನ್ನಿ, ಕೂತ್ಕೊಳ್ಳಿ" ಅಂದಳು. ಕುರ್ಚಿಗಳನ್ನು ಅಡುಗೆಮನೆಗೆ ಎತ್ತಿಡುವುದು, ಹನ್ನೊಂದು ಚಾಪೆ ಹಾಸುವುದು, ಸುತ್ತುವುದು, ಮುಗಿಯುವಷ್ಟರಲ್ಲಿ ಹನ್ನೆರಡು ಲೋಟ ಚಹಾ ಮಾಡುವುದು ತಂಗಿಯ ಪಾಲಿಗೆ ಬಂತು.

ಎರಡು ದಿನ ಅವಳೂ ಹಿಂದಿನ ಸಾಲಿನಲ್ಲಿ ಕೂತು ನೋಡಿದಳು. ಎರಡನೇ ದಿನ ಅಕ್ಕ ಎಣಿಕೆ ನಿಲ್ಲಿಸಿ, "ಹಿಂದೆ ಕೂತಿರೋರು, ಕೂಲಿಗೆ ಹೊಲಿಯೋ ಥರ ಹೊಲೀಬೇಡಿ. ಧ್ಯಾನದ ಥರ ಮಾಡಿ" ಅಂದಳು. ಇನ್ನೊಂದು ಮಾತು ಕಾಜಕ್ಕನಿಗೆ ತಡೆಯಲಾಗಲಿಲ್ಲ. ಅಕ್ಕ ಕೊನೆಯ ಗಂಟನ್ನು ಕೈಬಿಟ್ಟಿದ್ದಳು, ಮನಸ್ಸಿಗೆ ಗಂಟು ಯಾಕೆ ಅಂತ. "ಗಂಟು ಹಾಕ್ದಿದ್ರೆ ಎಲ್ಲಾ ಬಿಚ್ಚಿಹೋಗುತ್ತೆ ಅಕ್ಕ" ಅಂದಳು ಮೆಲ್ಲಗೆ.

ಅಕ್ಕ ಕನ್ನಡಕದ ಮೇಲಿಂದ ನೋಡಿದಳು. "ನೀನು ಎಷ್ಟನೇ ಕ್ಲಾಸಮ್ಮ?"

ಹನ್ನೊಂದು ಜನ ನಕ್ಕರು. ದರ್ಜಿಯೂ ನಕ್ಕ. ಸ್ವಲ್ಪವೇ ನಕ್ಕ, ಆದರೆ ನಕ್ಕ.

ಬೆಳಿಗ್ಗೆ ಹೋದರೆ ಹೋಗಲಿ, ಸಂಜೆ ಕೂತರಾಯಿತು ಅಂತ ಅಡುಗೆಮನೆಯಲ್ಲಿ, ಸ್ಟವ್ ಆರಿಸಿ, ನೆಲದ ಮೇಲೆ ಕೂತಳು. ಕಣ್ಣು ಮುಚ್ಚಿದರೆ ಕಿವಿಯೊಳಗೆ ಅಕ್ಕನ ದನಿ: ಒಂದು, ಒಳಗೆ. ಒಂದು, ಹೊರಗೆ. ಬೆನ್ನು ನೆಟ್ಟಗೆ. ಗೋಡೆಯ ಕಡೆ ತಿರುಗಿ ಕೂತಳು, ಕಿವಿಗೆ ಹತ್ತಿ ಇಟ್ಟುಕೊಂಡಳು. ದನಿ ಹೋಗಲಿಲ್ಲ. ಮನೆ ಕಸಿದುಕೊಂಡರೆ ಬೀದಿಯಲ್ಲಿ ಮಲಗಬಹುದು, ಉಸಿರಿನ ಎಣಿಕೆಯನ್ನೇ ಕಸಿದುಕೊಂಡವರಿಂದ ಎಲ್ಲಿಗೆ ಓಡುವುದು? ಐದಾರು ದಿನ ಒದ್ದಾಡಿ ಬಿಟ್ಟುಬಿಟ್ಟಳು.

ಜುಮುಜುಮು ವಾಪಸು ಬಂತು, ಈ ಸಲ ಮೊಣಕೈಯವರೆಗೆ. ಬೆರಳಿಗೆ ಸೂಜಿ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ. ಯಾರದೋ ಬಿಳಿ ಅಂಗಿಗೆ ರಕ್ತ ಹತ್ತಿತು. ದರ್ಜಿ ಆ ಅಂಗಿಯನ್ನು ಮಡಿಸಿ ಬದಿಗಿಟ್ಟು, ಅವಳ ಮುಖ ನೋಡದೆ, "ಕಾಜಾ ಹಾಕೋ ಮಿಷನ್ ತಗೊಂಡೆ ಕಾಜಕ್ಕ. ಬೇಜಾರು ಮಾಡ್ಕೋಬೇಡ" ಅಂದ. ಹತ್ತೊಂಬತ್ತು ವರ್ಷದಲ್ಲಿ ಎಣಿಕೆ ಬಿಟ್ಟು ಅವನಾಡಿದ ಮೊದಲ ಮಾತು ಅದು.

ಆಮೇಲೆ ಕಾಲು. ಒಂದು ಬೆಳಿಗ್ಗೆ ಚಾಪೆಗಳ ಕಟ್ಟು ಹೊತ್ತು ಹೊಸ್ತಿಲು ದಾಟುವಾಗ ಎರಡು ಕಾಲೂ ಒಟ್ಟಿಗೆ ಮಡಿಸಿಕೊಂಡವು. ಚಾಪೆಗಳ ಮೇಲೆಯೇ ಬಿದ್ದಳು. ಡಾಕ್ಟರು ಕತ್ತಿಗೆ ಪಟ್ಟಿ ಹಾಕಿ, ಅಲುಗಾಡದೆ ಮಲಗಿ, ಆಪರೇಷನ್ ಮಾಡಿದರೂ ಭರವಸೆ ಕೊಡಲಾರೆ ಅಂದರು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು, "ಮನೇಲೇ ಇಂಥವರನ್ನ ಇಟ್ಕೊಂಡು ಹೀಗೆ ಮಾಡ್ಕೊಂಡ್ರಲ್ಲಮ್ಮ. ನಿಮ್ಮಕ್ಕನ್ನ ನೋಡಿ ಕಲೀಬಾರದಿತ್ತಾ?" ಅಂತ ಕೇಳಿದರು.

ಈಗ ನಡುಮನೆಯ ಮಂಚದಲ್ಲಿ ಕಾಜಕ್ಕ. ಅಕ್ಕ ನೋಡಿಕೊಳ್ಳಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಹೊತ್ತು ಹೊತ್ತಿಗೆ ಗಂಜಿ, ಹೊತ್ತು ಹೊತ್ತಿಗೆ ಮಾತ್ರೆ, ಎಲ್ಲಾ ಶಾಲೆಯ ವೇಳಾಪಟ್ಟಿಯ ಪ್ರಕಾರ. ಹಿತ್ತಾಳೆಯ ಗಂಟೆಯನ್ನೂ ತಂದು ದಿಂಬಿನ ಪಕ್ಕ ಇಟ್ಟಳು. "ಒಂದು ಸಲ ನೀರು, ಎರಡು ಸಲ ಪ್ಯಾನು. ನಿನಗೆ ಗೊತ್ತೇ ಇದೆ. ಕ್ಲಾಸ್ ಹೊತ್ತಲ್ಲಿ ಮಾತ್ರ ಬಾಯಿ ಮಾಡ್ಬೇಡ, ಜನ ಇರ್ತಾರೆ." ಗಂಟೆಯ ಹಿಡಿಕೆ ಹಿಡಿಯಲು ಬೆರಳು ಮಡಿಸಬೇಕು, ಅವಳ ಬೆರಳು ಮಡಚಿಕೊಳ್ಳುತ್ತಿರಲಿಲ್ಲ. ಅದನ್ನು ಅಕ್ಕ ನೋಡಿದಳು. ನೋಡಿ, ಗಂಟೆಯನ್ನು ಇನ್ನಷ್ಟು ಹತ್ತಿರ ಸರಿಸಿ ಹೋದಳು.

ಏಳೆಂಟು ದಿನ ಕಳೆದಿರಬೇಕು. ಕ್ಲಾಸು ಆಗಷ್ಟೇ ಶುರುವಾಗಿತ್ತು. ಕಾಜಕ್ಕನಿಗೆ ಅವಸರವಾಯಿತು. ಈ ಕಾಯಿಲೆಯಲ್ಲಿ ಅವಸರ ಬಂದರೆ ಕಾಯುವುದಿಲ್ಲ, ಅದನ್ನೂ ಡಾಕ್ಟರು ಹೇಳಿದ್ದರು. ನಡುವೆ ಇರುವುದು ಒಂದು ಪರದೆ. ಕೂಗಿದರೆ ಸಾಕು. ಆದರೆ ಪರದೆಯ ಕೆಳಗಿನ ಸಂದಿಯಲ್ಲಿ ಹನ್ನೊಂದು ಜೊತೆ ಮಂಡಿ ಕಾಣುತ್ತಿದ್ದವು, ಇತ್ತ ತುದಿಯಲ್ಲಿದ್ದದ್ದು ದರ್ಜಿಯವು. ಅವನ ಮುಂದೆ ಪ್ಯಾನು ಅಂತ ಹೇಗೆ ಕೂಗುವುದು? ಐವತ್ತೆರಡು ವರ್ಷದ ಹೆಂಗಸು, ಎಂದೋ ಒಂದು ಸಲ ಅವನಿಗಾಗಿ ತಲೆ ಬಾಚಿಕೊಂಡು ಒಳಬಾಗಿಲ ಹಿಂದೆ ನಿಂತಿದ್ದವಳು.

ಮುಂಗೈಯಿಂದ ಗಂಟೆಯನ್ನು ತಳ್ಳಿದಳು. ಎರಡು ಸಲ ಹೊಡೆಯಬೇಕು, ಎರಡು. ಗಂಟೆ ಮಂಚದ ಅಂಚಿಗೆ ಹೋಗಿ, ವಾಲಿ, ನೆಲಕ್ಕೆ ಬಿತ್ತು. ಠಣ್ ಅಂತ ಒಂದೇ ಸಲ ಬಡಿದು, ಉರುಳಿಕೊಂಡು ಮಂಚದಡಿ ಸೇರಿತು.

ಆ ಕಡೆ ಎಣಿಕೆ ನಿಂತಿತು. ದರ್ಜಿಯ ಮಂಡಿ ಅಲುಗಿತು. "ಒಳಗೆ ಏನೋ ಬಿತ್ತು ಮೇಡಂ" ಅಂದ ಅವನು.

"ಕಣ್ಣು ಮುಚ್ಚಿ" ಅಂದಳು ಅಕ್ಕ. ದನಿಯಲ್ಲಿ ಸಿಟ್ಟಿಲ್ಲ, ಏನೂ ಇಲ್ಲ. "ಶಬ್ದ ಬಂದ್ರೆ ಬರ್ಲಿ, ಹೋದ್ರೆ ಹೋಗ್ಲಿ. ಅದನ್ನ ಬಿಟ್ಬಿಡ್ಬೇಕು. ಇಲ್ದಿದ್ರೆ ಮನಸ್ಸು ನಿಲ್ಲಲ್ಲ. ಹ್ಞೂಂ, ಐದು, ಒಳಗೆ."

ದರ್ಜಿಯ ಮಂಡಿ ಮತ್ತೆ ನೆಲಕ್ಕಂಟಿತು.

ಕಾಜಕ್ಕ ಹಲ್ಲು ಕಚ್ಚಿಕೊಂಡು ಅವರ ಜೊತೆಗೇ ಎಣಿಸಿದಳು. ಮೊದಲ ಕಾಜಾ ಮುಗಿಯಿತು, ಗಂಟಿಲ್ಲ. ಎರಡನೆಯದು ಮುಗಿಯಿತು, ಗಂಟಿಲ್ಲ. ತಾನೇ ಮನಸ್ಸಿನಲ್ಲಿ ಗಂಟು ಹಾಕಿ ಹಾಕಿ ತಡೆದು ನೋಡಿದಳು. ಮೂರನೆಯದರ ಹತ್ತೊಂಬತ್ತನೇ ಹೊಲಿಗೆಯಲ್ಲಿ ತೊಡೆಯ ಕೆಳಗೆ ಬೆಚ್ಚಗಾಯಿತು. ಇನ್ನು ನಾಲ್ಕು ಕಾಜಾ ಉಳಿದಿದ್ದವು. ಬೆಚ್ಚಗಿದ್ದದ್ದು ತಣ್ಣಗಾಗುವವರೆಗೆ ಅವಳು ಸೂರು ನೋಡುತ್ತ ಮಲಗಿದಳು.

ಕ್ಲಾಸು ಮುಗಿಯಿತು. ಪರದೆ ಸರಿಸಿ ಅಕ್ಕ ಬಂದಳು, ಕೈಯಲ್ಲಿ ಒಂದು ಲೋಟ. ಹಿಂದೆ ಬಾಗಿಲಲ್ಲಿ ದರ್ಜಿ ಚಪ್ಪಲಿ ಹಾಕಿಕೊಳ್ಳುತ್ತ ಇತ್ತ ಕಡೆಗೇ ನೋಡುತ್ತಿದ್ದ. ವಾಸನೆ ಅಕ್ಕನ ಮೂಗಿಗೆ ಬಡಿದಿರಲೇಬೇಕು. ಅವಳು ಹಾಸಿಗೆ ನೋಡಲಿಲ್ಲ, ತಂಗಿಯ ಮುಖ ನೋಡಿದಳು.

"ಒಂದು ಸಲ ಹೊಡೆದೆಯಲ್ಲ. ನೀರು ತಾನೆ?"

ಕಾಜಕ್ಕ ಬಾಗಿಲ ಕಡೆ ನೋಡಿದಳು. ದರ್ಜಿ ಇನ್ನೂ ಅಲ್ಲೇ ಇದ್ದ.

"ಹೂಂ" ಅಂದಳು.

ಅಕ್ಕ ಎಡಗೈಯಿಂದ ಅವಳ ತಲೆಯೆತ್ತಿ, ಬಲಗೈಯಿಂದ ಲೋಟವನ್ನು ತುಟಿಗೆ ಹಿಡಿದಳು. ಲೋಟ ಕಂಠಮಟ್ಟ ತುಂಬಿತ್ತು. ಆ ಬಲಗೈ ಒಂದಿಷ್ಟೂ ನಡುಗಲಿಲ್ಲ, ಒಂದು ಹನಿಯೂ ಚೆಲ್ಲಲಿಲ್ಲ. ಕಾಜಕ್ಕ ಪೂರ್ತಿ ಕುಡಿದಳು.